ಪುಲ್ ರಿಕ್ವೆಸ್ಟಿಗೊಂದು ಪ್ರಿವ್ಯೂ: ಡ್ರೂಪಲ್, ವರ್ಡ್‌ಪ್ರೆಸ್ ಸೈಟಿಗೆ ಯಾವ ವ್ಯವಸ್ಥೆ ಹೊಂದೀತು?

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಸೈಟು ಅಂತ ಇಟ್ಟುಕೊಳ್ಳಿ. ಟೆಂಡರ್ ಮುಗಿದ ಮೇಲೆ ಡಬ್ಬಿ, ಕಡ್ಡಿ, ಗುಂಟೂರು ಮೆಣಸಿನಕಾಯಿಯ ಕ್ವಿಂಟಲ್ ದರ ಸೈಟಿಗೆ ಏರುತ್ತದೆ. ಹುಬ್ಬಳ್ಳಿಯಲ್ಲಿ ಕೂತ ಡೆವಲಪರ್ ಆ ದರಪಟ್ಟಿಯ ವಿನ್ಯಾಸ ಬದಲಿಸುತ್ತಿದ್ದಾನೆ. ಧಾರವಾಡದಲ್ಲಿರುವ ಇನ್ನೊಬ್ಬಳು ಅದೇ ಸೈಟಿಗೆ ಆರ್ಡರ್ ಫಾರ್ಮ್ ಕೂಡಿಸುತ್ತಿದ್ದಾಳೆ. ಇಬ್ಬರ ಕೆಲಸವೂ ಇರುವ ಒಂದೇ ಸ್ಟೇಜಿಂಗ್ ಸೈಟಿಗೆ (ಲೈವ್‌ಗೆ ಹೋಗುವ ಮೊದಲು ಪರೀಕ್ಷಿಸಿ ನೋಡುವ ಸೈಟು) ಹೋಗಿ ಬೀಳುತ್ತದೆ. ವರ್ತಕರು ದರಪಟ್ಟಿಗೆ ಹೂಂ ಅಂದರು, ಫಾರ್ಮಿಗೆ ಸದ್ಯ ಬೇಡ ಅಂದರು. ಈಗ ಸ್ಟೇಜಿಂಗಿನಿಂದ ಒಂದನ್ನಷ್ಟೇ ಬಿಡಿಸಿ ಲೈವ್‌ಗೆ ಒಯ್ಯುವುದೆಂದರೆ ನಾದಿದ ಹಿಟ್ಟಿನಿಂದ ಉಪ್ಪು ಆರಿಸಿದ ಹಾಗೆ.

ನನ್ನ ಈ ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂದು ಡೆವಲಪರ್ ಕಳಿಸುವ ಕೋರಿಕೆಯೇ ಪುಲ್ ರಿಕ್ವೆಸ್ಟ್, ಚಿಕ್ಕದಾಗಿ ಪಿಆರ್. ಹಾಗೆ ಸೇರಿಸಿಕೊಳ್ಳುವುದು ಮರ್ಜ್. ಪ್ರತಿ ಪುಲ್ ರಿಕ್ವೆಸ್ಟಿಗೂ ತಾನಾಗಿಯೇ ಒಂದು ಪೂರ್ತಿ ಸೈಟು ಎದ್ದು ನಿಂತು, ಅದಕ್ಕೊಂದು ಬೇರೆ ಲಿಂಕ್ ಬಂದು, ಮರ್ಜ್ ಆದ ಕೂಡಲೇ ಅಳಿದುಹೋಗುವ ಏರ್ಪಾಡಿಗೆ ಪ್ರಿವ್ಯೂ ಎನ್ವಿರಾನ್‌ಮೆಂಟ್ ಅನ್ನುತ್ತಾರೆ. ಇದನ್ನು ಮಾಡಿಕೊಡುವ ದಾರಿಗಳು ಹಲವು. ಸ್ವಂತ ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ ಡಾಕರ್ (ಪ್ರತಿ ಸೈಟನ್ನೂ ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸುವ ಸಾಧನ), ಟಗ್‌ಬೋಟ್, ಪ್ಯಾಂಥಿಯನ್‌ನ ಮಲ್ಟಿಡೆವ್, ಪ್ಲಾಟ್‌ಫಾರ್ಮ್.ಎಸ್‌ಎಚ್ (ಈಗ ಅಪ್‌ಸನ್ ಎಂಬ ಹೆಸರು), ವರ್ಡ್‌ಪ್ರೆಸ್ ಪ್ಲೇಗ್ರೌಂಡ್, ಹೆಡ್‌ಲೆಸ್ ಸೈಟಾದರೆ (ಕಾಣುವ ಮುಂಭಾಗ ಬೇರೆ, ಹಿಂದಿನ ಡ್ರೂಪಲ್ ಅಥವಾ ವರ್ಡ್‌ಪ್ರೆಸ್ ಬೇರೆ ಇರುವುದು) ನೆಟ್ಲಿಫೈ ಅಥವಾ ವರ್ಸೆಲ್. ಇವುಗಳ ಫೀಚರ್ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಬೇರೆಯಾಗುವುದು ಒಂದು ಕಡೆ: ಡೇಟಾಬೇಸನ್ನು ಯಾರು ಹೊತ್ತು ತರುತ್ತಾರೆ, ಎಷ್ಟು ಹೊತ್ತಿನಲ್ಲಿ ತರುತ್ತಾರೆ ಅನ್ನುವಲ್ಲಿ. ಕೋಡು ಹೇಗೂ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆ ದಾಖಲಿಸಿಡುವ ವ್ಯವಸ್ಥೆ) ಇದೆ, ಅದನ್ನು ಯಾವ ಸೇವೆಯಾದರೂ ಎತ್ತಿಕೊಳ್ಳುತ್ತದೆ. ಡ್ರೂಪಲ್, ವರ್ಡ್‌ಪ್ರೆಸ್‌ನಂಥ ಸಿಎಂಎಸ್ (ಪುಟ, ಬರಹ ನಿರ್ವಹಿಸುವ ತಂತ್ರಾಂಶ) ಸೈಟಿನ ಮುಕ್ಕಾಲು ಪಾಲು ಇರುವುದು ಡೇಟಾಬೇಸಿನಲ್ಲಿ ಮತ್ತು ಅಪ್‌ಲೋಡ್ ಫೋಲ್ಡರಿನಲ್ಲಿ. ಅದಕ್ಕೇ ಅಲ್ಲಿಂದ ಶುರು ಮಾಡೋಣ.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ: ಡೇಟಾ ತೆಳ್ಳಗೆ ಮಾಡುವುದು

ಲೈವ್ ಡೇಟಾಬೇಸ್ 1.2 ಜಿಬಿ ಇದೆ ಅಂತ ಕಂಡರೆ ಮೊದಲು ಟೇಬಲ್ ಟೇಬಲ್ ಗಾತ್ರ ನೋಡಿ. ಡ್ರೂಪಲ್ ಆದರೆ ಕ್ಯಾಶ್ ಎಂದು ಶುರುವಾಗುವ ಟೇಬಲ್‌ಗಳು, ವಾಚ್‌ಡಾಗ್, ಸೆಷನ್ಸ್, ಸರ್ಚ್ ಇಂಡೆಕ್ಸ್ ಇವೇ ಹೆಚ್ಚಿನ ಜಾಗ ತಿಂದಿರುತ್ತವೆ. ಇವುಗಳ ರಚನೆ ಬೇಕು, ಒಳಗಿನ ಸಾಲುಗಳು ಬೇಡ. ಡ್ರೂಪಲ್‌ನ ಕಮಾಂಡ್‌ಲೈನ್ ಸಾಧನವಾದ ಡ್ರಷ್‌ನ ಎಸ್‌ಕ್ಯೂಎಲ್:ಡಂಪ್ (ಡೇಟಾಬೇಸನ್ನು ಒಂದು ಫೈಲಿಗೆ ಇಳಿಸುವ) ಆಜ್ಞೆಗೆ ಸ್ಟ್ರಕ್ಚರ್-ಟೇಬಲ್ಸ್-ಲಿಸ್ಟ್ ಅನ್ನುವ ಆಯ್ಕೆ ಕೊಟ್ಟಿರುವುದು ಇದಕ್ಕೇ. ವರ್ಡ್‌ಪ್ರೆಸ್‌ನಲ್ಲಿ ಆಪ್ಷನ್ಸ್ ಟೇಬಲ್ಲಿನ ಟ್ರಾನ್ಸಿಯೆಂಟ್‌ಗಳು (ತಾತ್ಕಾಲಿಕ ದಾಖಲೆಗಳು), ವೂಕಾಮರ್ಸ್ ಎಂಬ ಅಂಗಡಿ ಪ್ಲಗಿನ್ ಇದ್ದರೆ ಆ್ಯಕ್ಷನ್ ಶೆಡ್ಯೂಲರ್‌ನ ಲಾಗು, ವರ್ಷಗಟ್ಟಲೆ ಸೇರಿಕೊಂಡ ರಿವಿಜನ್‌ಗಳು. ಇಷ್ಟು ತೆಗೆದರೆ ಡಂಪಿನ ಗಾತ್ರ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ.

ಡಂಪ್ ತೆಗೆಯುವಾಗ ಅಕ್ಷರ ಸೆಟ್ ಯುಟಿಎಫ್8ಎಂಬಿ4 ಎಂದು ಬಾಯಿಬಿಟ್ಟು ಹೇಳಿ. ಡಂಪ್ ತೆಗೆಯುವ ಸಂಪರ್ಕದ ಅಕ್ಷರ ಸೆಟ್ ಲ್ಯಾಟಿನ್1 ಆಗಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತದೆ. ಒಮ್ಮೆ ಹಾಗಾದ ಡಂಪಿನಿಂದ ಅಕ್ಷರ ವಾಪಸ್ ಬರುವುದಿಲ್ಲ, ಹೊಸದಾಗಿ ತೆಗೆಯಬೇಕು.

ಇನ್ನು ಜನರ ಮಾಹಿತಿ. ಡ್ರಷ್‌ನ ಎಸ್‌ಕ್ಯೂಎಲ್:ಸ್ಯಾನಿಟೈಜ್ ಬಳಕೆದಾರರ ಇಮೇಲು, ಪಾಸ್‌ವರ್ಡು ಬದಲಿಸುತ್ತದೆ, ಸೆಷನ್ ಖಾಲಿ ಮಾಡುತ್ತದೆ. ಆದರೆ ವೆಬ್‌ಫಾರ್ಮ್‌ನಲ್ಲಿ ಜನ ತುಂಬಿಕೊಟ್ಟಿದ್ದನ್ನೂ ಅದು ಖಾಲಿ ಮಾಡಿದೆ ಎಂದು ನೋಡದೆ ನಂಬುವಂತಿಲ್ಲ. ಧಾರವಾಡದ ಕಾಲೇಜೊಂದರ ಪ್ರವೇಶ ಅರ್ಜಿಗಳೆಲ್ಲ, ಫೋನ್ ನಂಬರು ಜಾತಿ ಕಾಲಮ್ಮು ಸಮೇತ, ಹಾಗೇ ಪ್ರಿವ್ಯೂಗೆ ಬಂದುಬಿಡಬಹುದು. ವೆಬ್‌ಫಾರ್ಮ್ ಸಬ್‌ಮಿಶನ್‌ಗೆ ಸಂಬಂಧಿಸಿದ ಟೇಬಲ್‌ಗಳು ಖಾಲಿಯಾಗಿವೆಯೇ ನೋಡಿ, ಇಲ್ಲದಿದ್ದರೆ ಕೈಯಾರೆ ಖಾಲಿ ಮಾಡಬೇಕು. ವೂಕಾಮರ್ಸ್‌ನಲ್ಲಿ ಆರ್ಡರು, ವಿಳಾಸದ ಟೇಬಲ್‌ಗಳಿಗೂ ಇದೇ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಶಿಸ್ತಿನ ಪ್ರಶ್ನೆಯಾಗಿ ಉಳಿದಿಲ್ಲ. ಈ ತೊಳೆಯುವ ಕೆಲಸ ಲೈವ್ ಸರ್ವರಿನ ಕಡೆಯೇ ಆಗಲಿ: ರಾತ್ರಿ 2 ಗಂಟೆಗೆ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ), ಡಂಪನ್ನು ಒಂದು ತಾತ್ಕಾಲಿಕ ಡೇಟಾಬೇಸಿಗೆ ಹಾಕಿ, ತೊಳೆದು, ಮತ್ತೆ ಡಂಪ್ ಮಾಡಿ, ಗಂಟು ಕಟ್ಟಿ ಇಡಲಿ. ಪ್ರಿವ್ಯೂಗಳು ಎತ್ತಿಕೊಳ್ಳುವುದು ಈ ಗಂಟನ್ನು ಮಾತ್ರ. ತೊಳೆಯದ ಡಂಪು ಲೈವ್ ಸರ್ವರಿನ ಹೊಸ್ತಿಲು ದಾಟಬಾರದು.

ಫೈಲುಗಳ ಗೊಡವೆ ಸುಲಭ. ಸುತ್ತೋಲೆ, ಫಲಿತಾಂಶದ ಪಿಡಿಎಫ್ ಅಂತ 15 ಜಿಬಿ ಇರುವ ಸೈಟಿಗೆ ಪ್ರತಿ ಪ್ರಿವ್ಯೂಗೂ ಅಷ್ಟನ್ನು ನಕಲು ಮಾಡುವ ಅಗತ್ಯವಿಲ್ಲ. ಡ್ರೂಪಲ್‌ನ ಸ್ಟೇಜ್ ಫೈಲ್ ಪ್ರಾಕ್ಸಿ ಮಾಡ್ಯೂಲು ಯಾರಾದರೂ ಪುಟ ತೆರೆದಾಗ ಬೇಕಾದ ಫೈಲನ್ನಷ್ಟೇ ಲೈವ್ ಸೈಟಿನಿಂದ ತರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರಿಗೆ ಒಂದು ನಿಯಮ ಸಾಕು: ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಫೈಲು ಸಿಗದಿದ್ದರೆ ಲೈವ್ ಡೊಮೇನಿಗೆ ಕಳಿಸು. ಚಿತ್ರಗಳೆಲ್ಲ ಖಾಲಿ ಬಂದರೆ ಮೊದಲು ನೋಡಬೇಕಾದ್ದು ಲೈವ್ ಸೈಟಿನ ಹಾಟ್‌ಲಿಂಕ್ ತಡೆ (ಬೇರೆ ಸೈಟು ಚಿತ್ರ ಎಳೆಯದಂತೆ ಹಾಕಿದ ನಿಯಮ) ಅಥವಾ ಫೈರ್‌ವಾಲು. ಪ್ರಿವ್ಯೂ ಸರ್ವರಿನ ಐಪಿಗೆ ಅದು 403 (ಪ್ರವೇಶವಿಲ್ಲ) ಕೊಡುತ್ತಿರುತ್ತದೆ. ಪ್ರೈವೇಟ್ ಫೈಲುಗಳು ಈ ದಾರಿಯಲ್ಲಿ ಬರುವುದಿಲ್ಲ, ಬರಲೂಬಾರದು.

ಸ್ವಂತ ವಿಪಿಎಸ್: ಅಗ್ಗ, ಆದರೆ ಕಾವಲುಗಾರ ಬೇಕು

ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರಿನಲ್ಲಿ 4 ಜಿಬಿ ರ‍್ಯಾಮಿನ ಒಂದು ಯಂತ್ರ, ಅದರ ಮೇಲೆ ಡಾಕರ್, ಮುಂದೆ ಟ್ರೇಫಿಕ್ ಎಂಬ ರಿವರ್ಸ್ ಪ್ರಾಕ್ಸಿ (ಬಂದವರನ್ನು ಸರಿಯಾದ ಸೈಟಿಗೆ ಕಳಿಸುವ ದ್ವಾರಪಾಲಕ), ಚಾಲನೆ ಕೊಡಲು ಗಿಟ್‌ಹಬ್ ಆ್ಯಕ್ಷನ್ಸ್. ಎರಡು-ಮೂರು ಜನ ಸೇರಿ ನಡೆಸುವ ಹುಬ್ಬಳ್ಳಿಯ ಸಣ್ಣ ಕಂಪನಿಗಳು ಮೊದಲು ನೋಡುವುದು ಇದನ್ನೇ. ಲೆಕ್ಕ ಹೀಗೆ ಬೀಳುತ್ತದೆ. ಓಎಸ್, ಡಾಕರ್, ಟ್ರೇಫಿಕ್ ಸೇರಿ ಸುಮಾರು 600 ಎಂಬಿ. ಪ್ರಿವ್ಯೂಗೊಂದು ಮರಿಯಾಡಿಬಿ (ಡೇಟಾಬೇಸ್ ಸರ್ವರ್) ಎಬ್ಬಿಸದೆ ಎಲ್ಲಕ್ಕೂ ಒಂದೇ ಮರಿಯಾಡಿಬಿ ಇಟ್ಟು, ಪಿಆರ್‌ಗೊಂದು ಡೇಟಾಬೇಸ್ ಮಾಡಿದರೆ ಅದಕ್ಕೆ 1 ಜಿಬಿ. ಉಳಿದದ್ದು 2.4 ಜಿಬಿ. ಡ್ರೂಪಲ್‌ಗೆ ಪಿಎಚ್‌ಪಿಯ ಒಂದು ಚೈಲ್ಡು (ಪುಟ ಕಟ್ಟುವ ಪ್ರಕ್ರಿಯೆ) 80 ಎಂಬಿ ಎಂದು ಹಿಡಿದು, ಪ್ರಿವ್ಯೂಗೆ 3 ಚೈಲ್ಡ್ ಮಿತಿ ಹಾಕಿದರೆ ಒಂದಕ್ಕೆ ಹತ್ತಿರ ಹತ್ತಿರ 250 ಎಂಬಿ. ಅಂದರೆ ಸ್ವಲ್ಪ ಜಾಗ ಬಿಟ್ಟು ಒಟ್ಟಿಗೆ ಓಡಾಡುವ ಪ್ರಿವ್ಯೂ ಎಂಟು. ಪಿಎಚ್‌ಪಿ-ಎಫ್‌ಪಿಎಂನ ಪಿಎಂ ಆಯ್ಕೆಯನ್ನು ಆನ್‌ಡಿಮ್ಯಾಂಡ್ ಮಾಡಿಟ್ಟರೆ ಯಾರೂ ನೋಡದ ಪ್ರಿವ್ಯೂ ಹೆಚ್ಚೂಕಡಿಮೆ ಏನೂ ತಿನ್ನುವುದಿಲ್ಲ, ಇನ್ನೊಂದಿಷ್ಟು ಹಿಡಿಸುತ್ತವೆ. ಪಿಎಚ್‌ಪಿ ಪ್ಯಾಕೇಜು ಇಳಿಸುವ ಕಂಪೋಸರ್ ಇನ್‌ಸ್ಟಾಲ್ ಮಾತ್ರ ಈ ಯಂತ್ರದ ಮೇಲೆ ಬೇಡ. ಅದು ಒಮ್ಮೊಮ್ಮೆ ತುಂಬ ಮೆಮೊರಿ ತಿನ್ನುತ್ತದೆ, ಮೆಮೊರಿ ಮುಗಿದಾಗ ಪ್ರೋಗ್ರಾಮು ಕೊಲ್ಲುವ ಲಿನಕ್ಸಿನ ಓಓಎಂ ಕಿಲ್ಲರ್ ಎದ್ದು ದಪ್ಪಗಿರುವ ಮರಿಯಾಡಿಬಿಯನ್ನೇ ಕೊಲ್ಲಬಹುದು, ಆಗ ಎಂಟೂ ಪ್ರಿವ್ಯೂ ಒಟ್ಟಿಗೆ ಮಲಗುತ್ತವೆ. ಬಿಲ್ಡ್ ಗಿಟ್‌ಹಬ್‌ನ ರನ್ನರಿನಲ್ಲಿ ಆಗಲಿ, ಇಲ್ಲಿಗೆ ಸಿದ್ಧ ಇಮೇಜು ಬರಲಿ.

ಡಿಎನ್‌ಎಸ್‌ನಲ್ಲಿ ಒಂದು ವೈಲ್ಡ್‌ಕಾರ್ಡ್ ಎ ರೆಕಾರ್ಡ್ (ಎಲ್ಲ ಉಪಹೆಸರನ್ನೂ ಒಂದೇ ಸರ್ವರಿಗೆ ಕಳಿಸುವ ದಾಖಲೆ) ಹಾಕಿ, ಪಿಆರ್-47 ಎಂದು ಶುರುವಾಗುವ ಹೆಸರಿರಲಿ. ಬ್ರಾಂಚ್ ಹೆಸರನ್ನೇ ಹೋಸ್ಟ್ ಹೆಸರು ಮಾಡುವ ಆಸೆ ಬೇಡ: ಡಿಎನ್‌ಎಸ್‌ನ ಒಂದು ತುಂಡಿಗೆ 63 ಅಕ್ಷರದ ಮಿತಿ ಇದೆ, ಸ್ಲ್ಯಾಶು, ಅಂಡರ್‌ಸ್ಕೋರು ಅಲ್ಲಿ ನಡೆಯುವುದಿಲ್ಲ. ಪಿಆರ್ ನಂಬರಿಗೆ ಈ ರಗಳೆ ಇಲ್ಲ. ಸರ್ಟಿಫಿಕೇಟಿಗೂ ವೈಲ್ಡ್‌ಕಾರ್ಡೇ ಮೇಲು. ಉಚಿತ ಸರ್ಟಿಫಿಕೇಟಿನ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಒಂದು ನೋಂದಾಯಿತ ಡೊಮೇನಿಗೆ 7 ದಿನದಲ್ಲಿ 50 ಸರ್ಟಿಫಿಕೇಟ್ ಕೊಡುತ್ತದೆ, ಅದೇ ಹೆಸರಿಗೆ ಮತ್ತೆ ಮತ್ತೆ ಕೇಳಿದರೆ ವಾರಕ್ಕೆ 5. ಟ್ರೇಫಿಕ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಆಕ್ಮಿ.ಜೆಸಾನ್ ಫೈಲನ್ನು ವಾಲ್ಯೂಮಿನಲ್ಲಿ (ಕಂಟೇನರ್ ಹೋದರೂ ಉಳಿಯುವ ಜಾಗ) ಇಡದೆ ಕಂಟೇನರ್ ನಾಲ್ಕೈದು ಸಲ ಎಬ್ಬಿಸಿದರೆ ಎರಡನೇ ಮಿತಿ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆ ಫೈಲಿನ ಅನುಮತಿ 600 ಇರಲೇಬೇಕು, ಇಲ್ಲದಿದ್ದರೆ ಟ್ರೇಫಿಕ್ ಅದನ್ನು ಮುಟ್ಟುವುದಿಲ್ಲ. ವೈಲ್ಡ್‌ಕಾರ್ಡಿಗೆ ಡಿಎನ್‌ಎಸ್-01 ವಿಧಾನ (ಡೊಮೇನ್ ನಿಮ್ಮದೇ ಎಂದು ಡಿಎನ್‌ಎಸ್ ದಾಖಲೆಯಿಂದ ತೋರಿಸುವುದು) ಒಂದೇ ದಾರಿ, ಅಂದರೆ ಡಿಎನ್‌ಎಸ್ ಒದಗಿಸುವವರ ಎಪಿಐ ಕೀ ಬೇಕು. ನಿಮ್ಮ ಡೊಮೇನ್ ಇರುವ ಕಡೆ ಎಪಿಐ ಇಲ್ಲದಿದ್ದರೆ ಡಿಎನ್‌ಎಸ್ ಅಷ್ಟನ್ನೇ ಬೇರೆ ಕಡೆ ಸಾಗಿಸಿ.

ವರ್ಕ್‌ಫ್ಲೋ (ಗಿಟ್‌ಹಬ್ ತಾನಾಗಿ ಓಡಿಸುವ ಹೆಜ್ಜೆಗಳ ಪಟ್ಟಿ) ಬರೆಯುವಾಗ ತಿಳಿದಿರಬೇಕಾದ ಮೊದಲ ಸಂಗತಿ: ಗಿಟ್‌ಹಬ್‌ನ ಪುಲ್_ರಿಕ್ವೆಸ್ಟ್ ಟ್ರಿಗರ್ ತಾನಾಗಿ ಓಡುವುದು ಓಪನ್ಡ್, ಸಿಂಕ್ರನೈಜ್ (ಹೊಸ ಪುಶ್), ರೀಓಪನ್ಡ್ ಈ ಮೂರಕ್ಕೆ. ಕ್ಲೋಸ್ಡ್ ಅನ್ನುವುದನ್ನು ನೀವೇ ಸೇರಿಸಬೇಕು. ಸೇರಿಸದಿದ್ದರೆ ಹುಟ್ಟಿದ ಪ್ರಿವ್ಯೂ ಸಾಯುವುದೇ ಇಲ್ಲ, ತಿಂಗಳೊಪ್ಪತ್ತಿನಲ್ಲಿ ಡಿಸ್ಕು ತುಂಬುತ್ತದೆ. ಸೇರಿಸಿದರೂ ಒಂದು ಸಂದು ಉಳಿಯುತ್ತದೆ: ಪುಲ್ ರಿಕ್ವೆಸ್ಟಿನಲ್ಲಿ ಮರ್ಜ್ ಕಾನ್‌ಫ್ಲಿಕ್ಟ್ (ಎರಡು ಬದಲಾವಣೆಗಳ ತಿಕ್ಕಾಟ) ಇದ್ದರೆ ಈ ವರ್ಕ್‌ಫ್ಲೋ ಓಡುವುದಿಲ್ಲ. ಕಾನ್‌ಫ್ಲಿಕ್ಟ್ ಆಗಿ ಬೇಸತ್ತು ಮುಚ್ಚಿದ ಪಿಆರ್‌ಗಳೇ ಅನಾಥವಾಗಿ ಉಳಿಯುವುದು. ಹಾಗಾಗಿ ದಿನಕ್ಕೊಮ್ಮೆ ಕಸ ಗುಡಿಸುವ ಸ್ಕ್ರಿಪ್ಟು ಬೇಕೇ ಬೇಕು. ತೆರೆದಿರುವ ಪಿಆರ್ ಪಟ್ಟಿ ತರುವುದು, ಸರ್ವರಿನಲ್ಲಿರುವ ಪ್ರಾಜೆಕ್ಟ್ ಪಟ್ಟಿ ತರುವುದು, ಮೊದಲನೆಯದರಲ್ಲಿ ಇಲ್ಲದ್ದನ್ನು ವಾಲ್ಯೂಮು, ಡೇಟಾಬೇಸು ಸಮೇತ ಕೆಡವುವುದು.

ಎರಡನೆಯದು, ಪಿಆರ್‌ಗೊಂದು ಕಾನ್‌ಕರೆನ್ಸಿ ಗುಂಪು ಹಾಕಿ, ಹೊಸ ಪುಶ್ ಬಂದರೆ ಹಳೆಯ ಓಟ ರದ್ದಾಗಲಿ. ಆದರೆ ರದ್ದಾದದ್ದು ಡೇಟಾಬೇಸ್ ಇಂಪೋರ್ಟ್ ನಡುವೆ ಆಗಿದ್ದರೆ? ಅರ್ಧ ಟೇಬಲ್ ಇರುವ ಡೇಟಾಬೇಸ್ ಮೇಲೆ ಮುಂದಿನ ಓಟ ಶುರುವಾಗಿ, ಯಾವ ಕೋಡಿಗೂ ಸಂಬಂಧವಿಲ್ಲದ ದೋಷ ತೋರಿಸುತ್ತದೆ. ಇಂಪೋರ್ಟಿನ ಮೊದಲ ಹೆಜ್ಜೆ ಯಾವಾಗಲೂ ಡ್ರಾಪ್ ಮಾಡಿ ಹೊಸದಾಗಿ ಮಾಡುವುದೇ ಆಗಿರಲಿ.

ಮೂರನೆಯದು, ಫೋರ್ಕಿನಿಂದ (ಬೇರೆಯವರು ಮಾಡಿಕೊಂಡ ರೆಪೊಸಿಟರಿಯ ನಕಲು) ಬಂದ ಪಿಆರ್‌ಗೆ ಸೀಕ್ರೆಟ್ (ಗುಟ್ಟಾಗಿಟ್ಟ ಕೀ) ಸಿಗುವುದಿಲ್ಲ ಎಂದು ಪುಲ್_ರಿಕ್ವೆಸ್ಟ್_ಟಾರ್ಗೆಟ್‌ಗೆ ಜಿಗಿಯಬೇಡಿ. ಅದರಲ್ಲಿ ಸೀಕ್ರೆಟ್ ಸಿಗುತ್ತದೆ ನಿಜ. ಅಲ್ಲಿ ಫೋರ್ಕಿನ ಕೋಡನ್ನು ಚೆಕೌಟ್ ಮಾಡಿ ಓಡಿಸಿದರೆ ಯಾರೋ ಬರೆದ ಸ್ಕ್ರಿಪ್ಟಿನ ಕೈಗೆ ನಿಮ್ಮ ಸರ್ವರಿನ ಎಸ್‌ಎಸ್‌ಎಚ್ ಕೀ ಕೊಟ್ಟ ಹಾಗಾಯಿತು.

ಸೈಟು ಏಳದಿದ್ದಾಗ ಕಾಣುವ ಮುಖಗಳು ನಾಲ್ಕೈದೇ. ಡ್ರೂಪಲ್ 400 ಕೊಟ್ಟು, ಹೋಸ್ಟ್ ಹೆಸರು ಈ ಸರ್ವರಿಗೆ ಸರಿಯಲ್ಲ ಅಂದರೆ ಸೆಟಿಂಗ್ಸ್.ಪಿಎಚ್‌ಪಿಯ ಟ್ರಸ್ಟೆಡ್ ಹೋಸ್ಟ್ ಪ್ಯಾಟರ್ನ್ಸ್‌ನಲ್ಲಿ ಪ್ರಿವ್ಯೂ ಹೆಸರಿನ ನಮೂನೆ ಇಲ್ಲ. ವರ್ಡ್‌ಪ್ರೆಸ್ ರೀಡೈರೆಕ್ಟಿನ ಗಾಣ ತಿರುಗುತ್ತಿದ್ದರೆ, ಪ್ರಾಕ್ಸಿಯ ಹಿಂದೆ ಎಚ್‌ಟಿಟಿಪಿಎಸ್ ಇದೆ ಎಂದು ಅದಕ್ಕೆ ಗೊತ್ತಾಗಿಲ್ಲ. ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ಎಚ್‌ಟಿಟಿಪಿಎಸ್ ಆಗಿದ್ದರೆ ಸರ್ವರ್ ವೇರಿಯೆಬಲ್ಲಿನ ಎಚ್‌ಟಿಟಿಪಿಎಸ್ ಅನ್ನು ಆನ್ ಮಾಡುವ ಎರಡು ಸಾಲನ್ನು ಡಬ್ಲ್ಯೂಪಿ-ಕಾನ್ಫಿಗ್‌ನಲ್ಲಿ ಬರೆಯಿರಿ. ಪ್ರಿವ್ಯೂ ತೆರೆದು ಒಂದು ಲಿಂಕ್ ಒತ್ತಿದ ಕೂಡಲೇ ಲೈವ್ ಸೈಟಿಗೆ ಹಾರಿದರೆ ಡೇಟಾಬೇಸಿನಲ್ಲಿ ಹಳೆಯ ಡೊಮೇನ್ ಉಳಿದಿದೆ. ಇದಕ್ಕೆ ವರ್ಡ್‌ಪ್ರೆಸ್‌ನ ಕಮಾಂಡ್‌ಲೈನ್ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಮಾತ್ರ ಬಳಸಿ. ಡಂಪ್ ಫೈಲಿನ ಮೇಲೆ ನೇರ ಸೆಡ್ (ಪಠ್ಯ ಹುಡುಕಿ ಬದಲಿಸುವ ಆಜ್ಞೆ) ಓಡಿಸಿದರೆ ಸೀರಿಯಲೈಸ್ ಆದ ಡೇಟಾದಲ್ಲಿ ಬರೆದಿಟ್ಟ ಉದ್ದದ ಲೆಕ್ಕ ತಪ್ಪಿ ವಿಜೆಟ್ಟು, ಥೀಮ್ ಆಯ್ಕೆಗಳು ಸದ್ದಿಲ್ಲದೆ ಮಾಯವಾಗುತ್ತವೆ. ಡ್ರೂಪಲ್ ಕಾನ್ಫಿಗ್ ಇಂಪೋರ್ಟ್ ಯುಯುಐಡಿ (ಸೈಟಿನ ಗುರುತು ಸಂಖ್ಯೆ) ಹೊಂದುತ್ತಿಲ್ಲ ಎಂದು ನಿಂತರೆ, ಯಾರೋ ಲೈವ್ ನಕಲಿನ ಬದಲು ಹೊಸ ಸೈಟನ್ನೇ ಇನ್‌ಸ್ಟಾಲ್ ಮಾಡಿದ್ದಾರೆ. ನಕಲಿನಿಂದ ಶುರು ಮಾಡಿ, ಆಮೇಲೆ ಡ್ರಷ್ ಡಿಪ್ಲಾಯ್ ಓಡಿಸಿ. ಡೇಟಾಬೇಸ್ ಅಪ್‌ಡೇಟು, ಕಾನ್ಫಿಗ್ ಇಂಪೋರ್ಟು, ಕ್ಯಾಶ್ ಕಟ್ಟುವುದು, ಡಿಪ್ಲಾಯ್ ಹುಕ್ಕು, ನಾಲ್ಕೂ ಅದರಲ್ಲೇ ಸರಿಯಾದ ಕ್ರಮದಲ್ಲಿ ಬರುತ್ತವೆ.

ಪ್ರಿವ್ಯೂಗೊಂದು ಪ್ರತ್ಯೇಕ ಡಾಕರ್ ನೆಟ್‌ವರ್ಕ್ ಬಿಡುವವರು ಇನ್ನೊಂದು ಗೋಡೆಗೆ ಹಾಯುತ್ತಾರೆ. ಡಾಕರ್‌ನ ಡಿಫಾಲ್ಟ್ ವಿಳಾಸ ಸಂಗ್ರಹದಲ್ಲಿ ಸುಮಾರು 30 ನೆಟ್‌ವರ್ಕಿಗಷ್ಟೇ ಜಾಗ ಇರುತ್ತದೆ. ಅದು ಮುಗಿದಾಗ ಬರುವ ದೋಷ ಐಪಿ ವಿಳಾಸದ ಪೂಲ್ ಬಗ್ಗೆ ಮಾತಾಡುತ್ತದೆ, ಓದಿದವರು ನೆಟ್‌ವರ್ಕ್ ಕೇಬಲ್ ಹುಡುಕಲು ಹೋಗುತ್ತಾರೆ. ಕಾರಣ ಮತ್ತದೇ ಗುಡಿಸದ ಕಸ.

ಟಗ್‌ಬೋಟ್: ಇಂಪೋರ್ಟ್ ಒಂದೇ ಸಲ

ಡ್ರೂಪಲ್ ಕೆಲಸಕ್ಕೆ ಹೆಸರಾದ ಲಲ್ಲಾಬಾಟ್ ಕಂಪನಿಯ ಒಳಗೆ ಹುಟ್ಟಿದ ಸೇವೆ ಇದು. ರೆಪೊಸಿಟರಿಯಲ್ಲಿ .ಟಗ್‌ಬೋಟ್ ಫೋಲ್ಡರಿನೊಳಗೆ ಕಾನ್ಫಿಗ್.ವೈಎಂಎಲ್ ಇಟ್ಟು, ಪಿಎಚ್‌ಪಿ ಮತ್ತು ಮರಿಯಾಡಿಬಿ ಎಂಬ ಎರಡು ಸರ್ವಿಸ್ ಬರೆದರೆ ಕೆಲಸ ಶುರು. ಪ್ರತಿ ಸರ್ವಿಸಿಗೂ ಇನಿಟ್, ಅಪ್‌ಡೇಟ್, ಬಿಲ್ಡ್ ಎಂಬ ಮೂರು ಹಂತ. ಇದರ ಜೀವಾಳ ಬೇಸ್ ಪ್ರಿವ್ಯೂ: ಮುಖ್ಯ ಬ್ರಾಂಚಿನಿಂದ ಒಂದು ಪ್ರಿವ್ಯೂ ಕಟ್ಟಿ, ಅದನ್ನು ಬೇಸ್ ಎಂದು ಗುರುತು ಹಾಕಿದರೆ, ಮುಂದಿನ ಪಿಆರ್‌ಗಳೆಲ್ಲ ಅದರ ನಕಲಿನ ಮೇಲೆ ಬಿಲ್ಡ್ ಹಂತವನ್ನು ಮಾತ್ರ ಓಡಿಸುತ್ತವೆ. ಡೇಟಾಬೇಸ್ ಇಂಪೋರ್ಟ್ ಅಪ್‌ಡೇಟ್ ಹಂತದಲ್ಲಿ ಇದ್ದರೆ, ಅದು ಪಿಆರ್‌ಗೊಮ್ಮೆ ನಡೆಯುವುದು ತಪ್ಪಿ ಬೇಸ್ ರಿಫ್ರೆಶ್ ಆದಾಗ ಮಾತ್ರ ನಡೆಯುತ್ತದೆ. ಡೇಟಾಬೇಸ್ ದೊಡ್ಡದಾದಷ್ಟೂ ಈ ಸೇವೆಯ ಬೆಲೆ ಸಾರ್ಥಕ.

ಹಂತಗಳನ್ನು ಹಂಚುವುದರಲ್ಲೇ ಜನ ಎಡವುವುದು. ಪಿಎಚ್‌ಪಿ ಎಕ್ಸ್‌ಟೆನ್ಶನ್ನು, ಅಪಾಚೆ ಮಾಡ್ಯೂಲು, ಡಾಕ್ಯುಮೆಂಟ್ ರೂಟಿನ ಲಿಂಕು ಇನಿಟ್‌ಗೆ. ಡಂಪ್ ತರುವುದು, ತುಂಬುವುದು ಅಪ್‌ಡೇಟ್‌ಗೆ. ಕಂಪೋಸರ್ ಇನ್‌ಸ್ಟಾಲ್, ಡ್ರಷ್ ಡಿಪ್ಲಾಯ್, ಥೀಮ್ ಬಿಲ್ಡ್ ಬಿಲ್ಡ್‌ಗೆ. ಇನಿಟ್‌ನಲ್ಲಿ ಹೊಸ ಪ್ಯಾಕೇಜ್ ಸೇರಿಸಿ, ಪಿಆರ್‌ನಲ್ಲಿ ಯಾಕೆ ಬರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದು ಸಾಮಾನ್ಯ. ಬೇಸ್‌ನಿಂದ ಕಟ್ಟಿದ ಪ್ರಿವ್ಯೂ ಇನಿಟ್ ಓಡಿಸುವುದಿಲ್ಲವಲ್ಲ, ಬೇಸನ್ನೇ ರೀಬಿಲ್ಡ್ ಮಾಡಬೇಕು. ರಿಫ್ರೆಶ್ ಸಾಲದು, ಅದು ಅಪ್‌ಡೇಟಿನಿಂದ ಶುರುವಾಗುತ್ತದೆ. ಇನ್ನೊಂದು, ಪ್ರತಿ ಆಜ್ಞೆಯೂ ಹೊಸ ಶೆಲ್ಲಿನಲ್ಲಿ ಓಡುತ್ತದೆ. ಒಂದು ಸಾಲಿನಲ್ಲಿ ಫೋಲ್ಡರ್ ಬದಲಿಸಿದರೆ ಮುಂದಿನ ಸಾಲಿಗೆ ಅದು ನೆನಪಿರುವುದಿಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ದೊಡ್ಡ ಡಂಪ್ ನಡುವೆ ಸಂಪರ್ಕ ಕಡಿದುಹೋಯಿತು ಎಂದರೆ ಮ್ಯಾಕ್ಸ್ ಅಲೌಡ್ ಪ್ಯಾಕೆಟ್ ಹೆಚ್ಚಿಸಿ.

ಯಾರೂ ನೋಡದ ಪ್ರಿವ್ಯೂವನ್ನು ಟಗ್‌ಬೋಟ್ ಮಲಗಿಸುತ್ತದೆ, ಲಿಂಕ್ ಒತ್ತಿದಾಗ ಎಬ್ಬಿಸುತ್ತದೆ. ಗ್ರಾಹಕರಿಗೆ ಕಳಿಸುವ ಮೊದಲು ನೀವೇ ಒಮ್ಮೆ ತೆರೆದು ಎಬ್ಬಿಸಿಡುವುದು ಒಳ್ಳೆಯದು. ಬಿಲ್ಲು ಡಾಲರಿನಲ್ಲಿ ಬರುತ್ತದೆ, ಅದನ್ನು ಗ್ರಾಹಕರ ವಾರ್ಷಿಕ ನಿರ್ವಹಣಾ ಶುಲ್ಕದಲ್ಲಿ ಮೊದಲೇ ಸೇರಿಸಿ.

ಅಂದಹಾಗೆ, ಈ ಬೇಸ್ ಪ್ರಿವ್ಯೂ ಉಪಾಯವನ್ನು ಸ್ವಂತ ವಿಪಿಎಸ್‌ನಲ್ಲೂ ಅರ್ಧ ಮಾಡಬಹುದು. ತೊಳೆದ ಡೇಟಾ ತುಂಬಿದ ಮರಿಯಾಡಿಬಿ ಇಮೇಜನ್ನು ರಾತ್ರಿ ಕಟ್ಟಿಟ್ಟರೆ, ಪಿಆರ್‌ಗೆ ಇಂಪೋರ್ಟೇ ಬೇಡ, ಕಂಟೇನರ್ ಎಬ್ಬಿಸಿದರೆ ಆಯಿತು. ಆದರೆ ಅಧಿಕೃತ ಇಮೇಜು ಡೇಟಾ ಫೋಲ್ಡರನ್ನು ವಾಲ್ಯೂಮ್ ಎಂದು ಘೋಷಿಸಿರುತ್ತದೆ. ಅಲ್ಲಿ ತುಂಬಿದ ಡೇಟಾ ಇಮೇಜಿನಲ್ಲಿ ಉಳಿಯುವುದಿಲ್ಲ. ಡೇಟಾ ಡೈರೆಕ್ಟರಿಯನ್ನು ಬೇರೆ ಹಾದಿಗೆ ಬದಲಿಸಿ ಕಟ್ಟಬೇಕು. ಇದಕ್ಕೆ ಬೆಲೆ ಅಂದರೆ ಪ್ರಿವ್ಯೂಗೊಂದು ಮರಿಯಾಡಿಬಿ, ಅಂದರೆ ಮೇಲಿನ ರ‍್ಯಾಮ್ ಲೆಕ್ಕ ಕೆಡುತ್ತದೆ, 4 ಜಿಬಿ ಸಾಲದೆ 8 ಬೇಕಾಗುತ್ತದೆ. ಆಮದಿಗೆ ಹತ್ತು ನಿಮಿಷ ಹಿಡಿಯುವ ಸೈಟಿಗೆ ಮಾತ್ರ ಇದು ಲಾಭ.

ಹೋಸ್ಟಿಂಗ್ ಜೊತೆಗೇ ಬರುವ ಪ್ರಿವ್ಯೂ

ಸೈಟು ಈಗಾಗಲೇ ಪ್ಯಾಂಥಿಯನ್ ಅಥವಾ ಪ್ಲಾಟ್‌ಫಾರ್ಮ್.ಎಸ್‌ಎಚ್ ಮೇಲೆ ಇದ್ದರೆ ಹೊರಗಿನ ಸೇವೆ ಹುಡುಕುವುದು ದಂಡ. ಪ್ಲಾಟ್‌ಫಾರ್ಮ್.ಎಸ್‌ಎಚ್‌ನಲ್ಲಿ ಬ್ರಾಂಚ್ ಎಂದರೇ ಒಂದು ಎನ್ವಿರಾನ್‌ಮೆಂಟು. ತಾಯಿ ಬ್ರಾಂಚಿನ ಡೇಟಾಬೇಸು, ಫೈಲು ಎರಡೂ ಅದಕ್ಕೆ ಬಳುವಳಿಯಾಗಿ ಬರುತ್ತವೆ. ಅನುಕೂಲ ದೊಡ್ಡದು, ಅಪಾಯವೂ ಅಲ್ಲೇ ಇದೆ: ಬರುವುದು ತೊಳೆಯದ ಲೈವ್ ಡೇಟಾ. ಲೈವ್ ಮತ್ತು ಪಿಆರ್‌ಗಳ ನಡುವೆ ಒಂದು ಸ್ಟೇಜಿಂಗ್ ಬ್ರಾಂಚ್ ಇಟ್ಟು, ಅಲ್ಲಿ ತೊಳೆದು, ಪಿಆರ್‌ಗಳೆಲ್ಲ ಅದರಿಂದ ಹುಟ್ಟುವಂತೆ ಮಾಡಿ. ಅಲ್ಲಿ ಕೋಡ್ ಇರುವ ಜಾಗಕ್ಕೆ ಸೈಟು ಬರೆಯುವಂತಿಲ್ಲ, ಬರೆಯಬಹುದಾದದ್ದು ಮೌಂಟ್ ಎಂದು ಹೇಳಿದ ಫೋಲ್ಡರಿಗೆ ಮಾತ್ರ. ತನ್ನ ಫೋಲ್ಡರಿನಲ್ಲೇ ಕ್ಯಾಶ್ ಬರೆಯುವ ಹಳೆಯ ವರ್ಡ್‌ಪ್ರೆಸ್ ಪ್ಲಗಿನ್‌ಗಳು ಇಲ್ಲಿ ಮುಗ್ಗರಿಸುತ್ತವೆ.

ಮಲ್ಟಿಡೆವ್‌ನಲ್ಲಿ ಎನ್ವಿರಾನ್‌ಮೆಂಟಿನ ಹೆಸರು 11 ಅಕ್ಷರ ಮೀರುವಂತಿಲ್ಲ, ಸಣ್ಣಕ್ಷರ ಮಾತ್ರ. ಪಿಆರ್-47 ಎಂದರೆ ಆರಾಮಾಗಿ ಹಿಡಿಸುತ್ತದೆ. ಎಷ್ಟು ಎನ್ವಿರಾನ್‌ಮೆಂಟ್ ಎನ್ನುವುದಕ್ಕೆ ಮಿತಿ ಇದೆ, ಮುಚ್ಚಿದ್ದನ್ನು ಅಳಿಸುವ ಹೆಜ್ಜೆ ಪ್ಯಾಂಥಿಯನ್‌ನ ಟರ್ಮಿನಸ್ ಆಜ್ಞೆಯಿಂದ ನೀವೇ ಹಾಕಬೇಕು. ಕೋಡು ಅವರದೇ ಗಿಟ್‌ಗೆ ಹೋಗಬೇಕಾದ್ದರಿಂದ ಗಿಟ್‌ಹಬ್‌ನಲ್ಲಿ ಕೆಲಸ ಮಾಡುವವರಿಗೆ ನಡುವೆ ಒಂದು ಸೇತುವೆ ಬೇಕು. ಎರಡು ಗಿಟ್ ಇರುವ ಕಡೆ ಯಾವುದು ಯಜಮಾನ ಎಂದು ಮೊದಲ ದಿನವೇ ನಿರ್ಧರಿಸಿ. ಇಲ್ಲದಿದ್ದರೆ ಯಾರೋ ಅವಸರದಲ್ಲಿ ಪ್ಯಾಂಥಿಯನ್ ಕಡೆ ನೇರ ತಿದ್ದಿ, ಮುಂದಿನ ಪುಶ್‌ಗೆ ಅದು ಅಳಿಸಿಹೋಗುತ್ತದೆ.

ಹಗುರ ದಾರಿಗಳು

ವರ್ಡ್‌ಪ್ರೆಸ್ ಪ್ಲೇಗ್ರೌಂಡ್‌ಗೆ ಸರ್ವರೇ ಬೇಡ. ಪಿಎಚ್‌ಪಿಯನ್ನು ವೆಬ್‌ಅಸೆಂಬ್ಲಿಗೆ (ಬ್ರೌಸರಿನಲ್ಲಿ ಓಡುವ ಕೋಡಿನ ರೂಪ) ಇಳಿಸಿ, ಮೈಎಸ್‌ಕ್ಯೂಎಲ್ ಬದಲು ಎಸ್‌ಕ್ಯೂಲೈಟ್ ಇಟ್ಟು, ಇಡೀ ವರ್ಡ್‌ಪ್ರೆಸ್ಸನ್ನು ನೋಡುವವರ ಬ್ರೌಸರಿನೊಳಗೇ ಓಡಿಸುತ್ತದೆ. ಬ್ಲೂಪ್ರಿಂಟ್ ಎಂಬ ಜೆಸಾನ್ ಫೈಲಿನಲ್ಲಿ ಯಾವ ಥೀಮ್, ಯಾವ ಪ್ಲಗಿನ್, ಮೊದಲು ತೆರೆಯಬೇಕಾದ ಪುಟ ಯಾವುದು ಎಂದು ಬರೆದರೆ ಮುಗಿಯಿತು. ಗದಗಿನ ಮುದ್ರಣಾಲಯವೊಂದರ ಎಂಟು ಪುಟದ ಸೈಟಿಗೆ ಥೀಮ್ ಬಣ್ಣ, ಲಗ್ನಪತ್ರಿಕೆ ಮಾದರಿಗಳ ಗ್ಯಾಲರಿ ತೋರಿಸಲು ಇಷ್ಟು ಧಾರಾಳ ಸಾಕು. ಮೈಎಸ್‌ಕ್ಯೂಎಲ್‌ಗೇ ಮೀಸಲಾದ ಕ್ವೆರಿ ಬರೆದ ಪ್ಲಗಿನ್‌ಗಳು ತಪ್ಪು ಫಲಿತಾಂಶ ಕೊಡಬಹುದು, ನಿಜವಾದ ಡೇಟಾ ಇಲ್ಲ, ಸಾಧಾರಣ ಫೋನಿನಲ್ಲಿ ಮೊದಲ ಸಲ ತೆರೆಯಲು ಹೊತ್ತು ಹಿಡಿಯುತ್ತದೆ, ಉಳಿಸಿಕೊಳ್ಳದಿದ್ದರೆ ಪುಟ ರಿಫ್ರೆಶ್ ಆದಾಗ ಮಾಡಿದ್ದೆಲ್ಲ ಹೋಗುತ್ತದೆ.

ಲ್ಯಾಪ್‌ಟಾಪಿನಲ್ಲೇ ಸೈಟು ಓಡಿಸಲು ಡಿಡೆವ್ ಬಳಸುವವರಿಗೆ ಡಿಡೆವ್ ಶೇರ್ ಎಂಬ ಆಜ್ಞೆ ಇದೆ, ಲ್ಯಾಪ್‌ಟಾಪಿನಲ್ಲಿರುವ ಸೈಟಿಗೆ ಎನ್‌ಗ್ರಾಕ್ ಮೂಲಕ ಹೊರಗಿನ ಲಿಂಕ್ ಕೊಡುತ್ತದೆ. ಫೋನಿನಲ್ಲಿ ಮಾತಾಡುತ್ತಾ ಐದು ನಿಮಿಷ ತೋರಿಸಲು ಚೆಂದ. ಲ್ಯಾಪ್‌ಟಾಪ್ ಮುಚ್ಚಿದರೆ, ಕರೆಂಟು ಹೋಗಿ ರೂಟರ್ ಆರಿದರೆ ಲಿಂಕೂ ಆರುತ್ತದೆ. ಇದನ್ನು ಪ್ರಿವ್ಯೂ ವ್ಯವಸ್ಥೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಹೆಡ್‌ಲೆಸ್ ಸೈಟಿನಲ್ಲಿ ನೆಟ್ಲಿಫೈ, ವರ್ಸೆಲ್ ಎರಡೂ ಪಿಆರ್‌ಗೊಂದು ಲಿಂಕನ್ನು ಏನೂ ಹೇಳದೆಯೇ ಕೊಡುತ್ತವೆ. ಕೊಡುವುದು ಮುಂಭಾಗಕ್ಕೆ ಮಾತ್ರ ಎನ್ನುವುದನ್ನು ಮರೆಯಬಾರದು. ಹಿಂದಿರುವ ಡ್ರೂಪಲ್ ಎಲ್ಲ ಪಿಆರ್‌ಗಳಿಗೂ ಒಂದೇ. ದರಪಟ್ಟಿಗೆ ತೇವಾಂಶ ಎಂಬ ಹೊಸ ಫೀಲ್ಡು ಬೇಕಾದ ಪಿಆರ್ ಬಂದರೆ ಆ ಫೀಲ್ಡನ್ನು ಹಂಚಿಕೊಂಡ ಡ್ರೂಪಲ್‌ಗೇ ಸೇರಿಸಬೇಕು, ಶುರುವಿನಲ್ಲಿ ಹೇಳಿದ ಸ್ಟೇಜಿಂಗ್ ಗೋಳು ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ಕಂಟೆಂಟ್ ರಚನೆ ಅಪರೂಪಕ್ಕೆ ಬದಲಾಗುವ ಸೈಟಿಗಷ್ಟೇ ಈ ದಾರಿ.

ಕನ್ನಡ ಸೈಟಿಗೆ ಎದುರಾಗುವ ವಿಶೇಷ ತೊಡಕುಗಳು

"ಅಲ್ರೀ, ಇದೇನ್ರೀ ಎಲ್ಲಾ ಚೌಕ ಚೌಕ ಕಾಣಾಕತ್ತೈತಿ?" ಎಂದು ಗ್ರಾಹಕರು ಕೇಳಿದರೆ ಅವರು ನೋಡುತ್ತಿರುವುದು ಬಹುಶಃ ಪ್ರಿವ್ಯೂ ತೆಗೆದ ಸ್ಕ್ರೀನ್‌ಶಾಟು. ಪಿಆರ್ ಕಾಮೆಂಟಿಗೆ ಚಿತ್ರ ಅಂಟಿಸುವ ಹೆಡ್‌ಲೆಸ್ (ಪರದೆಯಿಲ್ಲದೆ ಓಡುವ) ಕ್ರೋಮ್ ಕಂಟೇನರಿನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಡೆಬಿಯನ್ ಆಧಾರದ ಇಮೇಜಾದರೆ ಫಾಂಟ್ಸ್-ನೋಟೊ-ಕೋರ್ ಅಥವಾ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಪ್ಯಾಕೇಜ್ ಹಾಕಿ. ಫೋನಿನಲ್ಲೇ ಅಕ್ಷರ ಬೇರೆ ತರಹ ಕಂಡರೆ ಕಾರಣ ಬೇರೆ: ಥೀಮು ಫಾಂಟನ್ನು ಲೈವ್ ಡೊಮೇನಿನ ಪೂರ್ತಿ ವಿಳಾಸದಿಂದ ಕರೆಯುತ್ತಿದೆ, ಪ್ರಿವ್ಯೂ ಡೊಮೇನಿಗೆ ಬ್ರೌಸರ್ ಸಿಓಆರ್‌ಎಸ್ (ಬೇರೆ ಡೊಮೇನಿನ ಫೈಲಿಗೆ ಇರುವ ಕಡಿವಾಣ) ನಿಯಮದಡಿ ಅದನ್ನು ತಡೆದಿದೆ, ಫೋನಿನ ಸ್ವಂತ ಫಾಂಟ್ ಬಂದಿದೆ. ಆಗ ಸಾಲಿನ ಎತ್ತರ ಬದಲಾಗಿ ಒತ್ತಕ್ಷರದ ಕಾಲು ಕತ್ತರಿಸಿದಂತೆ ಕಾಣುತ್ತದೆ, ಇಲ್ಲದ ದೋಷ ಸರಿಪಡಿಸಲು ಅರ್ಧ ದಿನ ಹೋಗುತ್ತದೆ. ಫಾಂಟಿನ ಹಾದಿ ಸಾಪೇಕ್ಷವಾಗಿರಲಿ.

ಇನ್ನೊಂದು ಸ್ಲಗ್, ಅಂದರೆ ವಿಳಾಸದ ಕೊನೆಯಲ್ಲಿ ಬರುವ ಪುಟದ ಹೆಸರು. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್, ಪರ್ಸೆಂಟ್ ರೂಪಕ್ಕೆ ಇಳಿದಾಗ 9 ಅಕ್ಷರ. ವರ್ಡ್‌ಪ್ರೆಸ್ ಸ್ಲಗ್ಗನ್ನು ಈ ರೂಪದಲ್ಲೇ 200 ಅಕ್ಷರದ ಕಾಲಮ್ಮಿನಲ್ಲಿ ಇಡುತ್ತದೆ. ಅಂದರೆ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಸಿ 22 ಸಂಕೇತಕ್ಕೆ ಜಾಗ ಮುಗಿಯುತ್ತದೆ. ‘ಬ್ಯಾಡಗಿ’ ಎಂಬ ಒಂದೇ ಪದಕ್ಕೆ 7 ಹೋದವು. ಉದ್ದ ಶೀರ್ಷಿಕೆಗಳೆಲ್ಲ ಒಂದೇ ಕಡೆ ತುಂಡಾಗಿ, ಬಾಲಕ್ಕೆ 2, 3 ಅಂಟಿಕೊಳ್ಳುತ್ತದೆ. ಪ್ರಿವ್ಯೂನಲ್ಲಿ ಹೊಸದಾಗಿ ಹಾಕಿದ ಪುಟದ ವಿಳಾಸ ಲೈವ್‌ನಲ್ಲಿ ಬೇರೆ ಆಗುವುದು ಹೀಗೆ. ಪರೀಕ್ಷೆಯ ಸ್ಕ್ರಿಪ್ಟುಗಳಲ್ಲಿ ಸ್ಲಗ್ ಬದಲು ಐಡಿ ಬಳಸಿ.

ಲಿಂಕ್ ಕಳಿಸುವ ಮುಂಚೆ

ಇಮೇಲ್ ಹೊರಗೆ ಹೋಗದಂತೆ ಹಿಡಿದಿಡುವ ಮೇಲ್‌ಪಿಟ್ ಇಡಿ, ಎಸ್‌ಎಂಟಿಪಿ ಪೋರ್ಟ್ 1025, ಬಂದ ಪತ್ರ ನೋಡಲು 8025. ಎಸ್‌ಎಂಎಸ್ ಗೇಟ್‌ವೇ ಕೀ ಖಾಲಿ ಇರಲಿ. ರೇಜರ್‌ಪೇ ಕೀ ಆರ್‌ಝಡ್‌ಪಿ_ಟೆಸ್ಟ್ ಎಂದೇ ಶುರುವಾಗುವುದು ಹೌದೋ ಎಂದು ಬಿಲ್ಡ್ ಹಂತದಲ್ಲೇ ಪರೀಕ್ಷಿಸಿ, ಲೈವ್ ಕೀ ಕಂಡರೆ ಬಿಲ್ಡ್ ಅಲ್ಲೇ ನಿಲ್ಲಲಿ. ಗೂಗಲ್‌ಗೆ ಸಿಗದಿರಲು ಪ್ರಾಕ್ಸಿಯಲ್ಲೇ ಎಕ್ಸ್-ರೋಬಾಟ್ಸ್-ಟ್ಯಾಗ್ ಹೆಡರಿಗೆ ನೋಇಂಡೆಕ್ಸ್ ಹಾಕಿ. ಜೊತೆಗೆ ರೋಬಾಟ್ಸ್.ಟಿಎಕ್ಸ್‌ಟಿಯಲ್ಲಿ ಬಾಗಿಲು ಮುಚ್ಚಬೇಡಿ, ಮುಚ್ಚಿದರೆ ಕ್ರಾಲರಿಗೆ ಆ ಹೆಡರ್ ಓದುವ ಅವಕಾಶವೇ ಸಿಗದು. ಎಲ್ಲಕ್ಕಿಂತ ಗಟ್ಟಿ ಬೇಲಿ ಬೇಸಿಕ್ ಆಥ್, ಅಂದರೆ ಸೈಟು ತೆರೆಯುವ ಮೊದಲೇ ಹೆಸರು, ಪಾಸ್‌ವರ್ಡು ಕೇಳುವುದು.

ಗ್ರಾಹಕರಿಗೆ ಲಾಗಿನ್ ಆಗಿ ನೋಡಬೇಕಿದ್ದರೆ ಡ್ರಷ್ ಯುಎಲ್‌ಐ ಒಂದೇ ಸಲದ ಲಿಂಕ್ ಕೊಡುತ್ತದೆ. ಯುಆರ್‌ಐ ಆಯ್ಕೆ ಕೊಡದಿದ್ದರೆ ಅದು ಡಿಫಾಲ್ಟ್ ಎಂಬ ಹೋಸ್ಟಿನ ಲಿಂಕ್ ಕೊಡುತ್ತದೆ, ಯಾವ ಫೋನಿನಲ್ಲೂ ತೆರೆಯದು. ಸರಿ ಮಾಡಿ ವಾಟ್ಸ್ಯಾಪ್‌ನಲ್ಲಿ ಕಳಿಸಿದರೂ ಒಂದು ಮೋಜಿದೆ: ಸಂದೇಶದ ಕೆಳಗೆ ಸಣ್ಣ ಚಿತ್ರ ತೋರಿಸಲು ಆ್ಯಪ್ ತಾನೇ ಲಿಂಕನ್ನು ಒಮ್ಮೆ ತೆರೆದುಬಿಡಬಹುದು. ಡ್ರಷ್ ಕೊಡುವ ಲಿಂಕು ತೆರೆದ ಕೂಡಲೇ ಲಾಗಿನ್ ಮಾಡಿಸುವಂಥದ್ದು, ಹಾಗಾಗಿ ವರ್ತಕರು ಒತ್ತುವಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಮುಂದೆ ಬೇಸಿಕ್ ಆಥ್ ಇದ್ದರೆ ಆ್ಯಪ್‌ಗೆ 401 ಸಿಗುತ್ತದೆ, ಲಿಂಕು ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಗದಗಿನ ಮುದ್ರಣಾಲಯಕ್ಕೆ ಪ್ಲೇಗ್ರೌಂಡ್, ಅದಕ್ಕಿಂತ ಹೆಚ್ಚು ಖರ್ಚು ಮಾಡಿದರೆ ವ್ಯರ್ಥ. ಧಾರವಾಡದ ಕಾಲೇಜಿಗೆ ದೊಡ್ಡ ಡ್ರೂಪಲ್ ಡೇಟಾಬೇಸು, ಪ್ರವೇಶದ ಹಂಗಾಮಿನಲ್ಲಿ ಒಟ್ಟಿಗೆ ಆರೇಳು ಪಿಆರ್. ಸರ್ವರ್ ನೋಡಿಕೊಳ್ಳಲು ಬೇರೆ ಜನ ಇಲ್ಲವಾದರೆ ಟಗ್‌ಬೋಟ್. ಹೋಸ್ಟಿಂಗೇ ಬದಲಿಸುವ ಮಾತು ನಡೆದಿದ್ದರೆ ಪ್ಲಾಟ್‌ಫಾರ್ಮ್.ಎಸ್‌ಎಚ್ ಪ್ರಯತ್ನಿಸಿ ನೋಡಬಹುದು. ನಾಲ್ಕೈದು ಸಣ್ಣ ವರ್ಡ್‌ಪ್ರೆಸ್ ಸೈಟು ನಡೆಸುವ ತಂಡಕ್ಕೆ, ಡೇಟಾಬೇಸ್ ತಲಾ 200 ಎಂಬಿ ಒಳಗಿದ್ದು, ಲಿನಕ್ಸ್ ಗೊತ್ತಿರುವವರು ಒಬ್ಬರು ಇದ್ದರೆ ಸ್ವಂತ ವಿಪಿಎಸ್ ಲಾಭ. ಆ ಒಬ್ಬರು ರಜೆ ಹಾಕಿದ ವಾರ ಯಾರು ನೋಡುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅಗ್ಗದ ಲೆಕ್ಕವೆಲ್ಲ ತಲೆಕೆಳಗು.

ಬ್ಯಾಡಗಿಯ ವರ್ತಕರದು ವೂಕಾಮರ್ಸ್ ಇರುವ ಒಂದೇ ಸೈಟು, ಇಬ್ಬರು ಡೆವಲಪರುಗಳು, ಒಮ್ಮೆಗೆ ಎರಡು-ಮೂರು ಪಿಆರ್. ಇಲ್ಲಿ ವಿಪಿಎಸ್ ಸಾಕು. ಡೇಟಾ ಮಾತ್ರ ನಿನ್ನೆ ರಾತ್ರಿಯದು ಎನ್ನುವುದನ್ನು ಪುಟದ ತಲೆಯ ಮೇಲೆ ದಪ್ಪ ಪಟ್ಟಿಯಲ್ಲಿ, ಡಂಪ್ ತೆಗೆದ ತಾರೀಕು ಸಮೇತ ಬರೆದಿಡಿ: ‘ಇದು ನಮೂನೆ, ದರ ಹಳೆಯದು’. ಡಬ್ಲ್ಯೂಪಿ_ಎನ್ವಿರಾನ್‌ಮೆಂಟ್_ಟೈಪ್ ಸ್ಟೇಜಿಂಗ್ ಆಗಿದ್ದಾಗ ಮಾತ್ರ ಆ ಪಟ್ಟಿ ತೋರಿಸುವ ನಾಲ್ಕು ಸಾಲು ಮಸ್ಟ್-ಯೂಸ್ (ತಾನಾಗಿ ಚಾಲೂ ಆಗುವ) ಪ್ಲಗಿನ್ ಸಾಕು. ಅದಿಲ್ಲದಿದ್ದರೆ ಮಾರುಕಟ್ಟೆ ದಿನ ಬೆಳಿಗ್ಗೆ ಮೊದಲ ಫೋನ್ ಬರುವುದು ವಿನ್ಯಾಸದ ಬಗ್ಗೆ ಆಗಿರುವುದಿಲ್ಲ, ಡಬ್ಬಿ ರೇಟು ಯಾಕೆ ತಪ್ಪು ಹಾಕಿದ್ದೀರಿ ಎಂದಾಗಿರುತ್ತದೆ.